ಏಳು ಹುದ್ದೆ, ಮೂರು ಹೆಗಲು

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಮೇಷ್ಟ್ರು. ಎರಡು ವರ್ಷ ಮುಖ್ಯ ಶಿಕ್ಷಕರ ಪ್ರಭಾರವೂ ನನ್ನ ಮೇಲಿತ್ತು. ಶಿಕ್ಷಕರ ಹುದ್ದೆ ಏಳು, ಖಾಯಂ ಇದ್ದವರು ಮೂವರೇ. ಉಳಿದ ನಾಲ್ಕು ಜಾಗಕ್ಕೆ ಅತಿಥಿ ಶಿಕ್ಷಕರು.

ಏಳು ಜನ ಇದ್ದಾರಲ್ಲ, ಇನ್ನೇನು ತೊಂದರೆ ಅಂತ ಊರಿನವರು ಕೇಳುತ್ತಿದ್ದರು. ಪಾಠವೇನೋ ನಡೆಯುತ್ತಿತ್ತು. ಆದರೆ ಶಾಲೆ ಅಂದರೆ ಪಾಠ ಒಂದೇ ಅಲ್ವಲ್ಲ. ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ, ಎಸ್ಸೆಸ್ಸೆಲ್ಸಿ ನೋಂದಣಿ, ಸ್ಕಾಲರ್‌ಶಿಪ್ ಅರ್ಜಿ, ಚುನಾವಣೆ ಡ್ಯೂಟಿ. ಏಳು ಜನ ಹಂಚಿಕೊಳ್ಳಬೇಕಾದದ್ದು ಮೂವರ ಪಾಲಿಗೆ ಬಂತು. ತಪ್ಪಾದರೆ ನೋಟಿಸ್ ಬರುವುದೂ ನಮಗೇ.

ನಮ್ಮ ಹಿಂದಿ ಮೇಡಂ ಮೇಜಿನ ಮೇಲೆ ಒಂಬತ್ತನೇ ಕ್ಲಾಸಿನ ನೋಟ್‌ಬುಕ್ ಕಟ್ಟು ಮೂರು ವಾರದಿಂದ ಬಿಚ್ಚದೆ ಬಿದ್ದಿತ್ತು. ಮೇಲೆ ಮೊಟ್ಟೆ ಲೆಕ್ಕದ ಚೀಟಿ. "ಅತಿಥಿಗಳಿಗೇನು ಸರ್, ಪಾಠ ಮಾಡಿ ಮನೆಗೆ ಹೋಗ್ತಾರೆ" ಅಂದರು ಒಂದು ದಿನ. ಅವರ ಸುಸ್ತು ನನಗೆ ಅರ್ಥವಾಯಿತು. ಆದರೂ ಆ ಮಾತು ಸರಿಯಲ್ಲ. ಅದೇ ಪಾಠಕ್ಕೆ ನಮ್ಮ ಸಂಬಳದ ಕಾಲು ಭಾಗವೂ ಅತಿಥಿ ಶಿಕ್ಷಕರಿಗೆ ಸಿಗುತ್ತಿರಲಿಲ್ಲ, ಅದೂ ತಿಂಗಳುಗಟ್ಟಲೆ ತಡವಾಗಿ. ಖಾಯಂ ಆಗುವ ಆಸೆಯೂ ಕಡಿಮೆ. ಎಷ್ಟು ವರ್ಷ ತಾತ್ಕಾಲಿಕವಾಗಿ ದುಡಿದರೂ ಅದರಿಂದಲೇ ಖಾಯಂ ಹಕ್ಕು ಬರುವುದಿಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಉಮಾದೇವಿ ಪ್ರಕರಣದಲ್ಲಿ ಹೇಳಿದೆ. ಅದು ನಮ್ಮ ಕರ್ನಾಟಕದ್ದೇ ಪ್ರಕರಣ. ಹಾಗಾಗಿ ಬೇರೆ ಕಡೆ ಕೆಲಸ ಸಿಕ್ಕಿದರೆ ಹೋಗದೆ ಇನ್ನೇನು ಮಾಡುತ್ತಾರೆ?

ಇಂಗ್ಲಿಷ್ ಮೇಡಂ ಹಾಗೆಯೇ ಆಗಸ್ಟಿನಲ್ಲಿ ಬಿಟ್ಟರು. ಹೊಸಬರು ಬರಲು ಮೂರು ವಾರ ಹಿಡಿಯಿತು. ಪಾಠ ಎಲ್ಲಿಗೆ ಬಂದಿದೆ ಅಂತ ಮಕ್ಕಳನ್ನೇ ಕೇಳಿದರು. ಒಬ್ಬಳ ನೋಟ್ಸ್ ತೆರೆದು ನೋಡಿದೆ. ಒಂದೇ ಪಾಠ ಎರಡು ಸಲ ಇತ್ತು. ಅದಕ್ಕೂ ಮೊದಲಿನ ಪಾಠಕ್ಕೆ ಆರು ಹಾಳೆ ಖಾಲಿ ಬಿಟ್ಟಿದ್ದಳು.

ಮಾರನೇ ದಿನ ವಿಷಯಕ್ಕೊಂದರಂತೆ ಇನ್ನೂರು ಪುಟದ ಪುಸ್ತಕ ತಂದೆ. ಯಾವ ಕ್ಲಾಸು, ಪಾಠ ಎಲ್ಲಿ ನಿಂತಿತು, ಯಾವ ಮಕ್ಕಳಿಗೆ ಏನು ತಿಳಿಯಲಿಲ್ಲ, ಇಷ್ಟನ್ನು ದಿನಾ ನಾಲ್ಕು ಸಾಲು ಬರೆದು ಬೀರುವಿನಲ್ಲಿಡಬೇಕು. ಅತಿಥಿ, ಖಾಯಂ ಅನ್ನದೆ ಎಲ್ಲರೂ. ಗಣಿತದ ಪುಸ್ತಕ ನಾನೇ ಮೊದಲು ಬರೆದೆ.

ವೇಳಾಪಟ್ಟಿಯನ್ನೂ ಬದಲಿಸಿದೆ. ಮಧ್ಯಾಹ್ನದ ಊಟದ ತನಕ ಖಾಯಂ ಶಿಕ್ಷಕರು ರಿಜಿಸ್ಟರ್ ಮುಟ್ಟುವಂತಿಲ್ಲ. ಕಂಪ್ಯೂಟರ್ ಗೊತ್ತಿದ್ದ ಇಬ್ಬರು ಅತಿಥಿ ಶಿಕ್ಷಕರು ಎಂಟ್ರಿಗೆ ನೆರವಾಗುತ್ತೇವೆ ಅಂದರು. ಸುಮ್ನೆ ಕೆಲಸ ಹೊರಿಸುವುದು ಸರಿಯಲ್ಲ ಅಲ್ವಾ? ಅವರ ವಾರದ ಎರಡೆರಡು ಪೀರಿಯಡ್ ನಾನು ತೆಗೆದುಕೊಂಡೆ. ಪರಿಶೀಲನೆ, ಸಹಿ ನನ್ನದೇ.

ಮುಂದಿನ ವರ್ಷ ಕನ್ನಡದ ಅತಿಥಿ ಶಿಕ್ಷಕರು ನಡುವೆಯೇ ಬದಲಾದರು. ಹೊಸ ಮೇಷ್ಟ್ರು ಅರ್ಧ ಗಂಟೆ ಕೂತು ಆ ಪುಸ್ತಕ ಓದಿದರು. ಮಾರನೇ ದಿನ ಪಾಠ ನಿಂತಲ್ಲಿಂದಲೇ ಶುರುವಾಯಿತು. ಹಿಂದಿ ಮೇಡಂ ಮೇಜಿನ ಮೇಲೆ ಶನಿವಾರಕ್ಕೆ ನೋಟ್‌ಬುಕ್ ಉಳಿಯುತ್ತಿರಲಿಲ್ಲ. ಚುನಾವಣೆ ಡ್ಯೂಟಿಯ ಪತ್ರ ಮಾತ್ರ ಆ ಸಲವೂ ನಮ್ಮ ಮೂವರ ಹೆಸರಿಗೇ ಬಂತು.