ಹೆದ್ದಾರಿ ಮೇಲೊಂದು ಹಗ್ಗದ ಸಂಕ: ನನ್ನ ಅನುಭವ

"ಹಗ್ಗ ಕಟ್ಟಿದ ಮಾತ್ರಕ್ಕೆ ಮಂಗ ಹತ್ತುತ್ತಾ?" ಊರಿನವರದ್ದೆಲ್ಲ ಇದೇ ಮಾತಾಗಿತ್ತು. ಕಾಡಿನ ಬಗ್ಗೆ ನನಗಿಂತ ಜಾಸ್ತಿ ಓದಿಕೊಂಡ ಗೆಳೆಯರೂ ತಲೆ ಅಲ್ಲಾಡಿಸಿದ್ದರು. ಈಗ ಉತ್ತರ ಕನ್ನಡದ ಘಟ್ಟದ ಹೆದ್ದಾರಿಯೊಂದರ ಮೇಲೆ, ಮಂಗ, ಅಳಿಲು ಕೆಳಗಿಳಿಯದೆ ದಾಟಲೆಂದು ಕಟ್ಟಿದ ನಮ್ಮ ಎರಡು ಸಂಕ (ತೂಗು ಕಾಲುಸೇತುವೆ) ನಿಂತಿವೆ. ಎರಡರಲ್ಲೂ ಮುಸುವ (ಉದ್ದ ಬಾಲದ, ಕಪ್ಪು ಮುಖದ ಮಂಗ), ಕೆಂದಳಿಲು (ದೊಡ್ಡ ಕೆಂಪು ಅಳಿಲು) ದಿನಾ ಓಡಾಡುತ್ತವೆ. ಒಂದರಲ್ಲಿ ಸಿಂಹದ ಬಾಲದ ಮಂಗ ಸಿಂಗಳೀಕದ ಗುಂಪೇ ದಾಟಿದೆ, ಹೊಟ್ಟೆಗೆ ಮರಿ ಕಚ್ಚಿಕೊಂಡ ತಾಯಂದಿರ ಸಮೇತ. ಕ್ಯಾಮೆರಾದಲ್ಲಿ ಚಿತ್ರ ಇದೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಈ ರಸ್ತೆ ಕಿರಿದಿತ್ತು. ಎರಡೂ ಕಡೆಯ ಕಿಂದಳ, ಮತ್ತಿ, ನಂದಿ ಮರದ ಕೊಂಬೆಗಳು ಮೇಲೆ ಒಂದಕ್ಕೊಂದು ಕೂಡಿಕೊಂಡಿದ್ದವು. ಅಗಲ ಮಾಡಿದ ಮೇಲೆ ಮರದಿಂದ ಮರಕ್ಕೆ ಇಪ್ಪತ್ತು, ಇಪ್ಪತ್ತೈದು ಮೀಟರ್ ಅಂತರ ಬಿತ್ತು. ಕೆಂದಳಿಲು ಎಷ್ಟೇ ಜಿಗಿದರೂ ಆರು ಮೀಟರ್ ಆಸುಪಾಸು. ಉಳಿದದ್ದಕ್ಕೆ ಕೆಳಗಿಳಿಯಲೇಬೇಕು. ಕೆಳಗೆ ಮೀನಿನ ಲಾರಿ, ಟೂರಿಸ್ಟ್ ಬಸ್ಸು, ಬೈಕು.

ಬಂಡೀಪುರದಲ್ಲಿ ಮಾಡಿದ ಹಾಗೆ ರಾತ್ರಿ ರಸ್ತೆ ಮುಚ್ಚಿದರೆ ಸಾಕಲ್ವಾ ಎಂದು ಕೇಳುವವರಿದ್ದಾರೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದು ಆನೆ, ಜಿಂಕೆಗಳಿಗೆ ದೊಡ್ಡ ಉಪಕಾರ, ಅದು ಮುಂದುವರಿಯಲೇಬೇಕು. ಆದರೆ ಮುಸುವ, ಸಿಂಗಳೀಕ, ಕೆಂದಳಿಲು ಓಡಾಡುವುದು ಹಗಲು ಹೊತ್ತಿನಲ್ಲಿ. ಮಧ್ಯಪ್ರದೇಶ, ಮಹಾರಾಷ್ಟ್ರ ಗಡಿಯ ಪೆಂಚ್ ಕಾಡಿನಲ್ಲಿ ರಾಷ್ಟ್ರೀಯ ಹೆದ್ದಾರಿ 44ರ ಕೆಳಗೆ ಪ್ರಾಣಿಗಳಿಗೆಂದು 9 ಕಡೆ ದಾರಿ ಬಿಟ್ಟಿದ್ದಾರೆ, ದೊಡ್ಡದು 750 ಮೀಟರ್ ಉದ್ದದ್ದು. ಅಲ್ಲಿ ಹುಲಿಯೂ ದಾಟುತ್ತದೆ. ಮರದ ಮೇಲೇ ಬಾಳುವ ಸಿಂಗಳೀಕಕ್ಕೆ ಅದು ಪ್ರಯೋಜನವಿಲ್ಲ. ನಮ್ಮ ಜಿಲ್ಲೆಯ ಅಘನಾಶಿನಿ ಕೊಳ್ಳವನ್ನು 2011ರಲ್ಲಿ ಇದೇ ಸಿಂಗಳೀಕಕ್ಕಾಗಿ ಸಂರಕ್ಷಿತ ಪ್ರದೇಶ ಮಾಡಿದರು. ಉಪ್ಪಾಗೆ, ಅತ್ತಿ, ರಾಮಪತ್ರೆ ಹಣ್ಣಾಗುವ ಕಡೆಗೆಲ್ಲ ಅದು ಹೋಗಬೇಕು. ರಸ್ತೆಯ ಆಚೆ ಹಣ್ಣಿದ್ದರೆ ಆಚೆ.

ಊರಿನಲ್ಲಿ ವಿರೋಧ ಬಂದದ್ದು ಅಡಿಕೆಯ ಕಾರಣಕ್ಕೆ. ಎಳೆ ಅಡಿಕೆ ಉದುರಿಸುವ ಮಂಗನ ಮೇಲೆ ಯಾರಿಗೂ ಪ್ರೀತಿ ಇಲ್ಲ, ನನಗೂ ವರ್ಷಕ್ಕೆ ಕೆಲವು ಸಾವಿರ ರೂಪಾಯಿ ನಷ್ಟ ಇದೆ. "ತಮಾ, ನಾವು ಮಂಗ ಓಡಿಸಲಿಕ್ಕೆ ಪಟಾಕಿ ಹೊಡೆಯುವುದು, ನೀನು ಕರೆದು ತರುವುದಾ?" ಎಂದು ಪಕ್ಕದ ತೋಟದ ಹಿರಿಯರು ಸಿಟ್ಟಿನಲ್ಲೇ ಕೇಳಿದರು. ಅವರನ್ನು ಕರೆದುಕೊಂಡು ಹೋಗಿ ಗುಂಪು ರಸ್ತೆ ದಾಟುವ ಜಾಗ ತೋರಿಸಿದೆ. ಸಂಕ ಇಲ್ಲದಿದ್ದರೂ ಅವು ದಾಟುತ್ತಿದ್ದವು. ಸಾಯುತ್ತಾ ದಾಟುತ್ತಿದ್ದವು, ಅಷ್ಟೇ. ಸಂಕದ ಎರಡೂ ತುದಿ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ಇರಬೇಕು, ತೋಟದಿಂದ ದೂರ ಇರಬೇಕು ಎಂದು ಒಪ್ಪಂದವಾಯಿತು. ಈಗ ಎರಡನೇ ಸಂಕದ ಒಂದು ತುದಿ ಅವರದ್ದೇ ಬೆಟ್ಟದಲ್ಲಿದೆ.

ಇನ್ನು ಸಾಮಾನಿನ ವಿಷಯ. ನಮ್ಮ ದುಡ್ಡು ಜಾಸ್ತಿ ಹೋದದ್ದು ಇಲ್ಲೇ. ತೆಂಗಿನ ನಾರಿನ ಹಗ್ಗ ಕೈಗೂ ಕಾಲಿಗೂ ಒಳ್ಳೆ ಹಿಡಿತ ಕೊಡುತ್ತದೆ, ಆದರೆ ನಮ್ಮ ಘಟ್ಟದ ಮಳೆಗೆ ಒಂದು ವರ್ಷವೂ ತಡೆಯಲಿಲ್ಲ. ಆಗಸ್ಟ್ ಹೊತ್ತಿಗೆ ಉಗುರಿನಲ್ಲಿ ಕಿತ್ತರೆ ಎಳೆ ಬರುತ್ತಿತ್ತು. ಬಿದಿರಿನ ಏಣಿಯನ್ನು ಉದ್ದಕ್ಕೆ ಮಲಗಿಸಿ ಕಟ್ಟಿದ್ದು ಕೆಂದಳಿಲಿಗೆ ಬಹಳ ಹಿಡಿಸಿತು. ಎರಡನೇ ಬೇಸಿಗೆಯಲ್ಲಿ ಕುಟ್ಟೆ ಹುಳ ಹಿಡಿದು ಪುಡಿ ಉದುರತೊಡಗಿತು. ಹೆದ್ದಾರಿ ಮೇಲೆ ಒಂದು ತುಂಡು ಬಿದ್ದು ಯಾರಿಗಾದರೂ ಪೆಟ್ಟಾದರೆ ಎಲ್ಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಬೇಗ ಇಳಿಸಿದೆವು. ಒಂಟಿ ನೈಲಾನ್ ಹಗ್ಗ ಗಟ್ಟಿ, ಆದರೆ ತಿರುಗುತ್ತದೆ. ಮುಸುವ ಕೈ ಇಟ್ಟು ಅದುಮಿ ನೋಡುತ್ತದೆ, ಹಗ್ಗ ಹೊರಳಿತೋ, ಕೈ ಹಿಂದೆ. ಇಡೀ ಒಂದು ಚಳಿಗಾಲ ಅದರ ಮೇಲೆ ಕೂತದ್ದು ಕಾಜಾಣ ಹಕ್ಕಿ ಮಾತ್ರ. ಎಲ್ಲರೂ "ನಾವು ಹೇಳಿರಲಿಲ್ವಾ" ಎಂದದ್ದು ಆ ಚಳಿಗಾಲದಲ್ಲೇ.

ಅಲ್ಲಿಂದ ಮುಂದೆ ದಾರಿ ಸಿಕ್ಕಿದ್ದು ಹಳೆಯ ಅಗ್ನಿಶಾಮಕ ಹೋಸ್‌ಪೈಪಿನಿಂದ. ತಮಿಳುನಾಡಿನ ವಾಲ್ಪಾರೈನಲ್ಲಿ ಪುದುತೋಟಂ ಹತ್ತಿರ ಸಿಂಗಳೀಕಗಳಿಗೆ ಇಂಥ ಸೇತುವೆ ಕಟ್ಟಿದ್ದಾರೆ, ಅವು ಬಳಸುತ್ತವೆ. ಹುಬ್ಬಳ್ಳಿಯ ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಕ್ಕಿತು. ಹೊರಗೆ ಕ್ಯಾನ್ವಾಸು, ಒಳಗೆ ರಬ್ಬರು. ಮಳೆಗೆ ಬೇಗ ಕೊಳೆಯುವುದಿಲ್ಲ, ಬಿಸಿಲಿಗೆ ಜಾರುವುದಿಲ್ಲ. ಚಪ್ಪಟೆ ಇರುವುದರಿಂದ ತಿರುಗುವುದೂ ಇಲ್ಲ. ಎರಡು ಸಾಲು ಹೋಸನ್ನು ಒಂದೂವರೆ ಅಡಿ ಅಂತರದಲ್ಲಿ ಎಳೆದು ಮಧ್ಯೆ ಅಡ್ಡಪಟ್ಟಿ ಹೆಣೆದೆವು. ಭಾರವೆಲ್ಲ ಒಳಗೆ ತೂರಿಸಿದ 8 ಎಂಎಂ ಉಕ್ಕಿನ ಹಗ್ಗದ ಮೇಲೆ. ಹೋಸು ಬರೀ ನೆಲ. ಮೇಲೆ ಒಂದು ತೆಳು ಹಗ್ಗ, ಕೈಗೆ ಆಸರೆ. ಮರಿ ಇರುವ ತಾಯಂದಿರು ಆ ಮೇಲಿನ ಹಗ್ಗ ಇದ್ದರೆ ಮಾತ್ರ ಕಾಲಿಡುತ್ತವೆ, ಇದನ್ನು ನಾನು ಬೇರೆಲ್ಲೂ ಓದಿಲ್ಲ, ನೋಡಿ ಕಂಡುಕೊಂಡದ್ದು.

ಎತ್ತರ ಕಡಿಮೆ ಮಾಡಬೇಡಿ. ರಸ್ತೆ ಮೇಲೆ 5.5 ಮೀಟರ್ ಖಾಲಿ ಬಿಡಬೇಕು ಎನ್ನುವುದು ಕಾಗದದ ಲೆಕ್ಕ. ಹುಲ್ಲು ಹೇರಿದ ಲಾರಿ ಆ ಲೆಕ್ಕ ಕೇಳುವುದಿಲ್ಲ. ನಮ್ಮದು ನಡುವಿನ ಜೋಲಿನಲ್ಲೂ ಒಂಬತ್ತು ಮೀಟರ್ ಹತ್ತಿರ ಇದೆ. ಕರೆಂಟ್ ಲೈನ್ ಇರುವ ಕಡೆ ಕಟ್ಟುವ ಯೋಚನೆಯೇ ಬೇಡ. ಅರಣ್ಯ ಇಲಾಖೆಯದ್ದೂ ರಸ್ತೆ ಯಾರ ವಶದಲ್ಲಿದೆಯೋ ಅವರದ್ದೂ ಒಪ್ಪಿಗೆ ಪತ್ರ ಕೈಗೆ ಬರದೆ ಒಂದು ದಾರವನ್ನೂ ಎಳೆಯಬೇಡಿ. ನಮಗೆ ಅದಕ್ಕೇ ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಸಂಕ ಎಳೆದದ್ದು ನಮ್ಮ ಕೊನೆಗೌಡ, ಅಂದರೆ ಅಡಿಕೆ ಕೊನೆ ಕೊಯ್ಯುವವ. ಅಡಿಕೆ ಮರದಿಂದ ಮರಕ್ಕೆ ತೂಗಿ ಹೋಗುವವನಿಗೆ ಇದು ದೊಡ್ಡದಲ್ಲ. "ಹೆಗಡೇರೆ, ಮರ ಗಾಳಿಗೆ ಆಡ್ತದೆ, ಎರಡೂ ತುದಿ ಬಿಗಿದ್ರೆ ಒಂದು ಹರೀತದೆ ನೋಡಿ" ಎಂದು ಮೊದಲ ದಿನವೇ ಹೇಳಿದ್ದು ಅವನು. ಎಂಜಿನಿಯರ್ ಎರಡೂ ತುದಿ ಬಿಗಿಯಿರಿ ಎಂದಿದ್ದರು. ನಾನು ಕೊನೆಗೌಡನ ಮಾತು ಕೇಳಿದೆ. ಒಂದು ತುದಿ ಗಟ್ಟಿ. ಇನ್ನೊಂದು ತುದಿ ರಾಟೆಯ ಮೇಲೆ ಹಾದು, ಮರಳು ತುಂಬಿದ ಡಬ್ಬ ನೇತಾಡುತ್ತದೆ. ಗಾಳಿಗೆ ಮರ ಬಾಗಿದರೆ ಡಬ್ಬ ಏರುತ್ತದೆ, ಸಂಕದ ಬಿಗಿ ಹಾಗೇ ಇರುತ್ತದೆ. ಜುಲೈ ಗಾಳಿಯಲ್ಲಿ ಪಕ್ಕದ ಮರಗಳೇ ಮುರಿದವು, ಸಂಕಕ್ಕೆ ಏನೂ ಆಗಲಿಲ್ಲ. ಡಬ್ಬದ ತೂಕ ಎಷ್ಟು, ರಾಟೆ ಎಲ್ಲಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮರ ನೋಡದೆ ಆ ಅಂಕಿ ಹಿಡಿದುಕೊಂಡರೆ ಅಪಾಯ. ಮರಕ್ಕೆ ಉಕ್ಕಿನ ಹಗ್ಗ ನೇರ ಸುತ್ತಬೇಡಿ. ತೊಗಟೆ ಕೊಯ್ದು ಮರ ಸಾಯುತ್ತದೆ. ಹಳೆ ಟಯರು ಸೀಳಿ ಮಧ್ಯೆ ಮರದ ಅಚ್ಚು ಇಟ್ಟರೆ ಸಾಕು.

ಖರ್ಚು ನೆನಪಿನಿಂದ ಹೇಳುತ್ತೇನೆ. ಹೋಸು ಸಾಗಣೆ ಸೇರಿ ಐದಾರು ಸಾವಿರ. ಉಕ್ಕಿನ ಹಗ್ಗ, ಕ್ಲಾಂಪು, ಟರ್ನ್‌ಬಕಲ್ (ಹಗ್ಗ ಬಿಗಿಸುವ ತಿರುಪು), ರಾಟೆ ಎಲ್ಲ ಸೇರಿ ಹತ್ತು ಸಾವಿರದ ಮೇಲೆ. ಕ್ಯಾಮೆರಾ ಹದಿಮೂರೋ ಹದಿನಾಲ್ಕೋ ಸಾವಿರ. ಕೂಲಿ, ಊಟ, ರಸ್ತೆ ತಡೆಯಲು ನಿಲ್ಲಿಸಿದ ಹುಡುಗರ ಖರ್ಚು ಏಳೆಂಟು ಸಾವಿರ. ಸಂಕವೊಂದಕ್ಕೆ ನಲವತ್ತು ಸಾವಿರದೊಳಗೆ ಮುಗಿಯಿತು. ಮೊದಲು ಕೊಳೆತದ್ದು, ಕುಟ್ಟೆ ತಿಂದದ್ದು ಸೇರಿಸಿದರೆ ಇನ್ನೊಂದು ಸಂಕದ ದುಡ್ಡು. ಇದೇ ಕೆಲಸಕ್ಕೆ ಒಬ್ಬ ಗುತ್ತಿಗೆದಾರರು ಕಬ್ಬಿಣದ ಕಂಬ ಹಾಕಿ ಆರು ಲಕ್ಷ ಎಂದಿದ್ದರು. ನಮ್ಮದು ನಲವತ್ತರಲ್ಲಿ ನಿಂತಿದೆ, ಬಂದು ಜೋತಾಡಿ ನೋಡಬಹುದು.

ಒಂದು ಬೇರೆ ಪ್ರಯೋಗದ ಮಾತು. ನಮ್ಮ ಕಡೆ ಅಬ್ಬಿ ನೀರಿನ (ಗುಡ್ಡದ ಝರಿ ನೀರಿನ) ಕಪ್ಪು ಪೈಪನ್ನು ಮರದಿಂದ ಮರಕ್ಕೆ ಕಟ್ಟಿ ತರುತ್ತೇವಲ್ಲ, ಅದರ ಒಂದು ಕಡೆ ಸುಮ್ನೆ ಕ್ಯಾಮೆರಾ ಇಟ್ಟೆ. ರಾತ್ರಿ ಕಾಡುಪಾಪ ಬಂತು, ದೊಡ್ಡ ಕಣ್ಣಿನ, ರಾತ್ರಿ ಮಾತ್ರ ಓಡಾಡುವ ಪುಟ್ಟ ಪ್ರಾಣಿ! ಪೈಪನ್ನು ನಾಲ್ಕೂ ಕೈಕಾಲಿನಲ್ಲಿ ಹಿಡಿದು, ಒಂದು ಬಿಟ್ಟು ಒಂದು ಮುಂದಿಡುತ್ತಾ, ನಿಂತು ನಿಂತು ಹೋಯಿತು. ಕಾಡುಪಾಪ ಮುಸುವನ ಹಾಗೆ ಜಿಗಿಯುವುದಿಲ್ಲ. ಎರಡು ಕೊಂಬೆಯ ನಡುವೆ ಕೈಗೆ ಸಿಗದಷ್ಟು ಜಾಗ ಬಿಟ್ಟರೆ ಅದಕ್ಕೆ ಅದೇ ದಾಟಲಾಗದ ಹೊಳೆ. ಇಂಡೋನೇಷ್ಯಾದ ಜಾವಾ ದ್ವೀಪದ ಸಿಪಗಂತಿಯಲ್ಲಿ ಕಾಡುಪಾಪದ ನೆಂಟನಾದ ಅಲ್ಲಿನ ಲೋರಿಸ್‌ಗಳಿಗಾಗಿ ತೋಟದ ನೀರಿನ ಪೈಪನ್ನೇ ಸೇತುವೆ ಮಾಡಿದ್ದಾರೆ. ಹಾಗಾಗಿ ಎರಡನೇ ಸಂಕದ ಪಕ್ಕಕ್ಕೆ ಒಂದು ಖಾಲಿ ಪೈಪು ಎಳೆದು, ಒರಟಾಗಲೆಂದು ನಾರಿನ ಹಗ್ಗ ಸುತ್ತಿದ್ದೇನೆ. ಇನ್ನೂರು ಮುನ್ನೂರು ರೂಪಾಯಿ ಖರ್ಚು. ಪುನುಗು ಬೆಕ್ಕು ಬಂದಿದೆ. ಕಾಡುಪಾಪ ರಸ್ತೆ ಮೇಲೆ ಇನ್ನೂ ಬಂದಿಲ್ಲ. ತುದಿಯ ಬಳ್ಳಿ ಹಬ್ಬಿದ ಮೇಲೆ ಬರುತ್ತದೆ ಎಂಬುದು ನನ್ನ ನಂಬಿಕೆ.

ಬಳ್ಳಿಯ ಮಾತು ಬಂತು ನೋಡಿ, ಅದೇ ಮುಖ್ಯ. ಸಂಕ ಗಟ್ಟಿಯಿದ್ದರೆ ಸಾಲದು, ಅದರ ತುದಿ ಪ್ರಾಣಿ ಓಡಾಡುವ ಕೊಂಬೆಗೇ ಸೇರಬೇಕು. ಕಾಂಡಕ್ಕೆ ಕಟ್ಟಿ ಬಿಟ್ಟರೆ ಯಾರೂ ಇಳಿದು ಬರುವುದಿಲ್ಲ. ತುದಿಯಿಂದ ಕವಲು ಕವಲಾಗಿ ಹೋಸು ಒಯ್ದು ಮೂರು ನಾಲ್ಕು ಕೊಂಬೆಗೆ ಮುಟ್ಟಿಸಿ. ಜಾಗವನ್ನೂ ನೀವು ಆರಿಸಬೇಡಿ. ಅವು ಎಲ್ಲಿ ಸಾಯುತ್ತಿವೆಯೋ ಅಲ್ಲಿ ಕಟ್ಟಿ. ಅದರಿಂದ ಇನ್ನೂರು ಮೀಟರ್ ಆಚೆ ಒಳ್ಳೆ ಮರವಿದೆ ಎಂದು ಹೋದರೆ ಕಾಜಾಣಕ್ಕೆ ಕೂರಲಿಕ್ಕಾಯಿತು.

ಮೊದಲ ಮುಸುವ ಕಾಲಿಟ್ಟದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಬಾಳೆಹಣ್ಣು ಇಟ್ಟಿಲ್ಲ, ಇಡಲೂಬಾರದು. ಹಣ್ಣಿನ ಆಸೆಗೆ ರಸ್ತೆ ಬದಿಯಲ್ಲೇ ಕೂರುವ ಮಂಗಗಳು ಎಷ್ಟು ಸಾಯುತ್ತವೆ ಎಂದು ನೋಡುತ್ತಿದ್ದೇವಲ್ಲ. ನಾನು ಮಾಡಿದ್ದು ಬೇರೆ. ಅದನ್ನು ಸಂಕ ಕಟ್ಟಿ ಮುಗಿಸಿದವರಿಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಅದನ್ನು ತಿಳಿದು ಫೋಟೋಕ್ಕಾಗಿ ಬಳಸುವವರಿದ್ದಾರೆ. ಜಾಗದ ಹೆಸರು ಬರೆಯದಿರುವುದೂ ಅದಕ್ಕೇ.

ಕಟ್ಟಿದ ಆ ಭಾಗದಲ್ಲಿ ಮೊದಲು ಹಣ್ಣಿನ ಕಾಲ ಬಂದರೆ ವಾರಕ್ಕೊಂದು ಹೆಣ ಸಿಗುತ್ತಿತ್ತು ಎಂದರೂ ನಡೆಯುತ್ತದೆ. ಕಳೆದ ಹಣ್ಣಿನ ಕಾಲ ಪೂರ್ತಿ ಸಿಕ್ಕಿದ್ದು ಒಂದು ಕೆಂದಳಿಲು. ಅದೂ ಸಂಕದಿಂದ ಬಹಳ ದೂರ, ತಿರುವಿನ ಆಚೆ. ಮೂರನೇ ಸಂಕ ಆ ತಿರುವಿಗೆ. ಹೋಸು ತಂದು ಅಟ್ಟದ ಮೇಲೆ ಹಾಕಿದ್ದೇನೆ, ಒಪ್ಪಿಗೆಗೆ ಅರ್ಜಿ ಕೊಟ್ಟಾಗಿದೆ. ಅದಕ್ಕೂ ಮೊದಲು, ಮಳೆ ನಿಂತ ಕೂಡಲೇ, ಹಳೆಯ ಎರಡರ ಕ್ಲಾಂಪು ಬಿಚ್ಚಿ ಗ್ರೀಸ್ ಹಾಕಬೇಕು, ಮರ ದಪ್ಪಗಾದಷ್ಟು ಟಯರಿನ ಕಟ್ಟು ಸಡಿಲಿಸಬೇಕು. ದಾರ ಹಾಯಿಸುವ ದೊಡ್ಡ ಕವಣೆ, ಉದ್ದದ ದೋಟಿ ನನ್ನ ಹತ್ತಿರ ಇವೆ. ಒಪ್ಪಿಗೆ ಪತ್ರ ಕೈಯಲ್ಲಿರುವವರು ಒಯ್ಯಬಹುದು, ಕೊನೆಕೊಯ್ಲಿನ ಮೊದಲು ವಾಪಸು ಕೊಟ್ಟರಾಯಿತು.