ಇಳಿಜಾರಿಗೆ ಹೊಂದುವ ಶೂ: ಮಲೆನಾಡಿನ ಚಾರಣಕ್ಕೆ ಆರಿಸುವುದು ಹೇಗೆ?

ಕೊಡಚಾದ್ರಿ ಹತ್ತುವವರು ಏದುಸಿರಿನ ಬಗ್ಗೆ ದೂರುತ್ತಾರೆ, ಇಳಿಯುವವರು ಕಾಲ್ಬೆರಳಿನ ಬಗ್ಗೆ. 1343 ಮೀಟರ್ ಎತ್ತರದ ಆ ಬೆಟ್ಟದಿಂದ ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಇಳಿದು ಬಂದವರ ಶೂ ಬಿಚ್ಚಿಸಿದರೆ ಹೆಬ್ಬೆರಳಿನ ಉಗುರು ಕಪ್ಪಾಗಿರುವುದು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿರುವುದು ಮಾಮೂಲು. ಹತ್ತುವಾಗ ಸುಮಾರಾದ ಶೂ ಕೂಡ ನಡೆಯುತ್ತದೆ. ಇಳಿಯುವಾಗ ಮೈಭಾರವೆಲ್ಲ ಸೇರಿ ಪಾದವನ್ನು ಮುಂದಕ್ಕೆ ದೂಡುತ್ತದೆ, ಹೆಜ್ಜೆ ಹೆಜ್ಜೆಗೂ ಬೆರಳು ಶೂವಿನ ಮೂತಿಗೆ ಗುದ್ದುತ್ತದೆ. ಅಂಗಡಿಯ ಬೆಂಚಿನ ಮೇಲೆ ಕೂತು ಶೂ ನೋಡುವಾಗಲೂ ತಲೆಯಲ್ಲಿರಬೇಕಾದ್ದು ಈ ಇಳಿಜಾರೇ.

ಎಲ್ಲಿಗೆ, ಯಾವ ಕಾಲಕ್ಕೆ?

ದುಡ್ಡು ತೆಗೆಯುವ ಮೊದಲು ಇದು ತೀರ್ಮಾನವಾಗಲಿ. ಚಳಿಗಾಲದಲ್ಲಿ ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಿ ಸಂಜೆಯೊಳಗೆ ಇಳಿಯುವವರಿಗೆ, ಕವಲೇದುರ್ಗದ ಕಲ್ಲುಹಾಸಿನ ದಾರಿಯಲ್ಲಿ ಅರ್ಧ ದಿನ ಸುತ್ತುವವರಿಗೆ ಗಿಣ್ಣು ಮುಚ್ಚುವ ಭಾರದ ಬೂಟು ಬೇಕಿಲ್ಲ. ಹಿಡಿತ ಚೆನ್ನಾಗಿರುವ ಗಿಡ್ಡ ಶೂ ಸಾಕು. ಎರಡರಿಂದ ನಾಲ್ಕು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಬೆನ್ನಿಗೆ ಹತ್ತು ಕೆ.ಜಿ. ಚೀಲ ಹೊತ್ತು ಎರಡು ಮೂರು ದಿನ ನಡೆಯುವುದಿದ್ದರೆ, ಹಿಂದೆ ಕಾಲು ಉಳುಕಿಸಿಕೊಂಡವರಾದರೆ ಎತ್ತರದ ಬೂಟನ್ನು ಯೋಚಿಸಬಹುದು. ಅಂಥದ್ದನ್ನು ಹಾಕಿದರೆ ಕಾಲು ಉಳುಕುವುದೇ ಇಲ್ಲ ಎಂಬ ಭರವಸೆ ಬೇಡ. ಆದರೆ ಕಲ್ಲು ತಾಗುವುದನ್ನು, ಹುಲ್ಲಿನ ಗರಿ ಗೀರುವುದನ್ನು ಅದು ತಪ್ಪಿಸುತ್ತದೆ.

ಊರಿನವರು ಹವಾಯಿ ಚಪ್ಪಲಿಯಲ್ಲೇ ಬೆಟ್ಟ ಹತ್ತುತ್ತಾರಲ್ಲ ಎನ್ನುವವರಿದ್ದಾರೆ. ನಿಜ, ಹತ್ತುತ್ತಾರೆ. ಹುಟ್ಟಿದಾಗಿನಿಂದ ಅದೇ ನೆಲದಲ್ಲಿ ಓಡಾಡಿದ ಕಾಲು ಅದು. ವಾರವಿಡೀ ಕುರ್ಚಿಯಲ್ಲಿ ಕೂತ ಕಾಲಿಗೆ ಆ ಲೆಕ್ಕ ಹಾಕಬೇಡಿ. ತೋಟದಲ್ಲಿ ಹಾಕುವ ಗಮ್ ಬೂಟು ಕೂಡ ಬೆಟ್ಟಕ್ಕಲ್ಲ. ಒಳಗೆ ಹಿಮ್ಮಡಿ ನಿಲ್ಲುವುದಿಲ್ಲ. ಹಳ್ಳ ದಾಟುವಾಗ ಮೇಲಿನಿಂದ ನೀರು ನುಗ್ಗಿದರೆ ಬಗ್ಗಿಸಿ ಚೆಲ್ಲುವವರೆಗೂ ಒಳಗೇ ಇರುತ್ತದೆ.

ವಾಟರ್‌ಪ್ರೂಫ್ ಎಂಬ ಆಸೆ

ಮಲೆನಾಡಿನ ಮಳೆ ಎಂದ ಕೂಡಲೇ ಎಲ್ಲರೂ ಕೇಳುವುದು ವಾಟರ್‌ಪ್ರೂಫ್ ಶೂ. ಗೋರ್‌ಟೆಕ್ಸ್‌ನಂಥ ಪೊರೆ ಇರುವ ಶೂವಿನೊಳಗೆ ಅತಿ ಸಣ್ಣ ರಂಧ್ರಗಳ ಒಂದು ಪದರ ಇರುತ್ತದೆ. ಹೊರಗಿನ ನೀರಿನ ಹನಿ ಅದನ್ನು ದಾಟಲಾರದು, ಒಳಗಿನ ಬೆವರಿನ ಆವಿ ದಾಟಿ ಹೊರಗೆ ಹೋಗುತ್ತದೆ. ಹಾಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ, ಅದೂ ಜುಲೈ ತಿಂಗಳಲ್ಲಿ, ಒಣ ಗಾಳಿ ಎಲ್ಲಿಂದ ಬರಬೇಕು? ಆವಿ ಒಳಗೇ ಉಳಿದು ಕಾಲ್ಚೀಲ ಬೆವರಿನಿಂದಲೇ ತೊಯ್ಯುತ್ತದೆ. ಇನ್ನೊಂದು ಕಡೆಯಿಂದ ಪ್ಯಾಂಟಿನಗುಂಟ ಇಳಿದ ಮಳೆನೀರು ಮೇಲಿನ ಬಾಯಿಯಿಂದ ಒಳಗೆ ಹೋಗುತ್ತದೆ. ಹೊರಗಿನ ನೀರನ್ನು ತಡೆಯುವ ಪೊರೆ ಒಳಗಿನ ನೀರನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದಿಡುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮಳೆಗಾಲದ ಮಲೆನಾಡಿಗೆ ನೀರು ಹೊಕ್ಕರೂ ಬೇಗ ಬಸಿದುಹೋಗುವ ಜಾಲರಿ ಬಟ್ಟೆಯ ಶೂ ವಾಸಿ. ಕಾಲು ಒದ್ದೆಯಾಗುವುದು ಹೇಗೂ ತಪ್ಪಿದ್ದಲ್ಲ. ಬೆಳಗಿನ ಇಬ್ಬನಿ ಹುಲ್ಲಿನಲ್ಲಿ ನಡೆಯುವ ನವೆಂಬರ್, ಡಿಸೆಂಬರ್ ಚಾರಣಕ್ಕಾದರೆ ವಾಟರ್‌ಪ್ರೂಫ್ ಶೂ ಕೊಟ್ಟ ದುಡ್ಡಿಗೆ ಕೆಲಸ ಮಾಡುತ್ತದೆ.

ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ವಿಚಾರವೂ ಇಲ್ಲೇ ಬರಲಿ. ಅದು ಒಳಗೆ ಸೇರುವುದು ಹೆಚ್ಚಾಗಿ ಲೇಸಿನ ಕೆಳಗಿನ ನಾಲಿಗೆಯ ಸಂದಿನಿಂದ. ನಾಲಿಗೆಯ ಎರಡೂ ಅಂಚು ಶೂವಿನ ಮೈಗೆ ಮಡಿಕೆ ಬಟ್ಟೆಯಿಂದ ಹೊಲಿದಿದೆಯೇ ನೋಡಿ. ಹೊಲಿದಿದ್ದರೆ ಇಂಬಳವೂ ನೊರಜುಗಲ್ಲೂ ಎರಡೂ ದೂರ. ಮಾಮೂಲಿ ಕಾಲ್ಚೀಲದ ಹೆಣಿಗೆಯಲ್ಲಿ ಮರಿ ಇಂಬಳ ತೂರಿಬಿಡುತ್ತದೆ. ಮೊಣಕಾಲುದ್ದದ, ಒತ್ತು ನೇಯ್ಗೆಯ ಇಂಬಳದ ಚೀಲವನ್ನು ಮೇಲೆ ಹಾಕಿಕೊಂಡು, ಅದರ ಹೊರಮೈಗೆ ಹೊಗೆಸೊಪ್ಪಿನ ನೀರು ಸವರಿದರೆ ಸಾಕಷ್ಟು ನಿರಾಳ.

ಶೂವಿನ ಅಟ್ಟೆಯನ್ನು ಕಣ್ಣಿನಿಂದಲ್ಲ, ಉಗುರಿನಿಂದ ನೋಡಿ

ಹಿಂದೆ ಯುರೋಪಿನ ಪರ್ವತಾರೋಹಿಗಳು ಮೊಳೆ ಹೊಡೆದ ಚರ್ಮದ ಅಟ್ಟೆಯ ಬೂಟು ಹಾಕುತ್ತಿದ್ದರು. 1935ರಲ್ಲಿ ಇಟಲಿಯ ಆಲ್ಪ್ಸ್‌ನಲ್ಲಿ ಜೊತೆಗಿದ್ದ ಆರು ಮಂದಿ ಸತ್ತ ದುರಂತ ವಿಟಾಲೆ ಬ್ರಮಾನಿ ಎಂಬಾತನನ್ನು ಕಾಡಿತು. ಕಾಲಿಗೆ ತಕ್ಕ ಬೂಟು ಇಲ್ಲದ್ದೂ ಸಾವಿಗೆ ಕಾರಣ ಎಂದು ಆತ ಭಾವಿಸಿದ. 1937ರಲ್ಲಿ ಆಳ ಹಲ್ಲುಗಳ ರಬ್ಬರ್ ಸೋಲ್ ತಯಾರಿಸಿದ. ಇವತ್ತು ಸೋಲಿನ ತಳದಲ್ಲಿ ಹಳದಿ ಅಷ್ಟಕೋನದೊಳಗೆ ಕಾಣುವ ವಿಬ್ರಮ್ ಎಂಬುದು ಅವನ ಹೆಸರಿನದೇ ತುಣುಕು.

ಹೆಸರು ಯಾವುದೇ ಇರಲಿ, ಹಲ್ಲಿನ ಆಳ ನಾಲ್ಕೈದು ಮಿ.ಮೀ. ಇರಬೇಕು, ಹಲ್ಲುಗಳ ನಡುವೆ ಕೆಸರು ಉದುರಿಹೋಗುವಷ್ಟು ಜಾಗ ಇರಬೇಕು. ತೀರಾ ಒತ್ತಾಗಿದ್ದರೆ ಜೇಡಿ ಮೆತ್ತಿಕೊಂಡು ಸೋಲು ನುಣ್ಣಗಾಗುತ್ತದೆ. ಆಮೇಲೆ ರಬ್ಬರಿಗೆ ಉಗುರು ಒತ್ತಿ. ಸ್ವಲ್ಪವಾದರೂ ಒಳಗೆ ಹೋದರೆ ಒಳ್ಳೆಯದು, ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಿದ್ದರೆ ಒದ್ದೆ ಕಲ್ಲಿನ ಮೇಲೆ ಜಾರುವುದು ಖಂಡಿತ. ಹಾವಸೆ ಹಿಡಿದ ಜಂಬಿಟ್ಟಿಗೆಯ ಮೇಲೆ, ಅಡಿಕೆ ಮರದ ಸಂಕದ ಮೇಲೆ ಯಾವ ಕಂಪನಿಯ ಸೋಲೂ ಪೂರ್ತಿ ಹಿಡಿಯುವುದಿಲ್ಲ. ಅಲ್ಲಿ ಅಡ್ಡಡ್ಡ ಹೆಜ್ಜೆ, ಕೈಯಲ್ಲೊಂದು ಕೋಲು.

ಕೊನೆಗೆ ಶೂವನ್ನು ಮೂತಿ ಮತ್ತು ಹಿಮ್ಮಡಿಯಲ್ಲಿ ಹಿಡಿದು ಬಗ್ಗಿಸಿ. ಬೆರಳು ಮಡಚುವ ಜಾಗದಲ್ಲಿ ಬಗ್ಗಬೇಕು, ನಟ್ಟನಡುವೆ ಮಡಚಿದರೆ ಬೇಡ. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದಾಗ ಸುಲಭವಾಗಿ ತಿರುಗಿದರೂ ಬೇಡ.

ಅಳತೆ: ಇಲ್ಲಿ ಅವಸರ ಬೇಡ

ಮನೆಯಲ್ಲೇ ಶುರು ಮಾಡಿ. ಸಂಜೆ ಹೊತ್ತು, ಓಡಾಡಿ ಕಾಲು ಸ್ವಲ್ಪ ಊದಿಕೊಂಡಿರುವಾಗ, ಗೋಡೆಗೆ ಹಿಮ್ಮಡಿ ತಾಗಿಸಿ ಹಾಳೆಯ ಮೇಲೆ ನಿಲ್ಲಿ. ಪೆನ್ಸಿಲ್ ನೆಟ್ಟಗೆ ಹಿಡಿದು ಇನ್ನೊಬ್ಬರಿಂದ ಗೆರೆ ಎಳೆಸಿ, ಏಕೆಂದರೆ ನೀವೇ ಬಗ್ಗಿದರೆ ಭಾರ ಬದಲಾಗುತ್ತದೆ. ಎರಡೂ ಪಾದ ಅಳೆಯಿರಿ. ಒಂದು ಸಾಮಾನ್ಯವಾಗಿ ತುಸು ದೊಡ್ಡದಿರುತ್ತದೆ, ಶೂ ತೆಗೆದುಕೊಳ್ಳಬೇಕಾದ್ದು ಅದಕ್ಕೆ. ಉದ್ದದ ಜೊತೆಗೆ ಬೆರಳ ಬುಡದ ಅಗಲವನ್ನೂ ಬರೆದುಕೊಳ್ಳಿ. ಬರಿಗಾಲು, ಚಪ್ಪಲಿಯಲ್ಲಿ ಬೆಳೆದವರ ಪಾದ ಮುಂದೆ ಅಗಲವಾಗಿ, ಬೆರಳು ಬಿಡಿಬಿಡಿಯಾಗಿ ಇರುತ್ತದೆ. ಹೊರದೇಶದ ಅಚ್ಚಿನ ಶೂಗಳಲ್ಲಿ ಹಲವು ಅಲ್ಲಿಯೇ ಕಿರಿದು.

ನಂಬರಿನ ಗೊಂದಲವನ್ನೂ ಬಿಡಿಸಿಕೊಳ್ಳಿ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ಲೆಕ್ಕ, ಒಂದು ನಂಬರಿಗೂ ಮುಂದಿನದಕ್ಕೂ ಮೂರನೇ ಒಂದು ಇಂಚು, ಅಂದರೆ ಸುಮಾರು ಎಂಟೂವರೆ ಮಿ.ಮೀ. ವ್ಯತ್ಯಾಸ. ಯುರೋಪಿನ 41, 42ರ ಲೆಕ್ಕದಲ್ಲಿ ವ್ಯತ್ಯಾಸ ಸುಮಾರು ಆರೂವರೆ ಮಿ.ಮೀ. ಹಾಗಾಗಿ ಎರಡೂ ಸರಿಯಾಗಿ ಕೂಡುವುದಿಲ್ಲ, ಕಂಪನಿಯಿಂದ ಕಂಪನಿಗೂ ಬೇರೆ. ಆನ್‌ಲೈನಿನಲ್ಲಿ ತರಿಸುವವರು ನಂಬರ್ ನೋಡದೆ, ಆಯಾ ಕಂಪನಿಯ ಪಟ್ಟಿಯಲ್ಲಿ ಸೆಂಟಿಮೀಟರ್ ಕಾಲಂ ನೋಡಿ, ಬದಲಾಯಿಸಿಕೊಡುತ್ತಾರೋ ಇಲ್ಲವೋ ಓದಿಕೊಂಡು ಒತ್ತಲಿ.

ಅಂಗಡಿಯಲ್ಲಿ

ಶಿವಮೊಗ್ಗದ ಗಾಂಧಿ ಬಜಾರಿಗಾಗಲಿ, ನೆಹರೂ ರಸ್ತೆಗಾಗಲಿ ಹೋಗುವಾಗ ಚಾರಣದಲ್ಲಿ ಹಾಕುವ ಕಾಲ್ಚೀಲವನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯಲ್ಲಿ ಕೊಡುವ ತೆಳು ಚೀಲದಲ್ಲಿ ನೋಡಿದ ಶೂ ದಪ್ಪ ಚೀಲದಲ್ಲಿ ಅರ್ಧ ನಂಬರ್ ಬಿಗಿಯಾಗುತ್ತದೆ.

ಮೊದಲು ಒಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಲ್ಲಿ. ಅಂಚಿನಿಂದಾಚೆ ಪಾದ ಚೆಲ್ಲಿದರೆ ಆ ಶೂ ನಿಮ್ಮದಲ್ಲ. ಹಾಕಿ ನೋಡುವ ಶ್ರಮವೂ ಉಳಿಯಿತು. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಕಾಣಬೇಕು. ಅನಂತರ ಇನ್‌ಸೋಲ್ ಒಳಗೆ ಹಾಕಿ, ಲೇಸು ಕಟ್ಟದೆ ಪಾದವನ್ನು ಮುಂದಕ್ಕೆ ತಳ್ಳಿ. ಬೆರಳು ಮೂತಿಗೆ ತಾಗಿದಾಗ ಹಿಮ್ಮಡಿಯ ಹಿಂದೆ ತೋರುಬೆರಳು ಇಳಿಯಬೇಕು. ಎರಡು ಬೆರಳು ಇಳಿದರೆ ದೊಡ್ಡದು, ಒಂದೂ ಇಳಿಯದಿದ್ದರೆ ಚಿಕ್ಕದು.

ಈಗ ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ ಲೇಸು ಕಟ್ಟಿ. ಕಾಲ್ಬೆರಳುಗಳನ್ನು ಒಳಗೇ ಆಡಿಸಲು ಬರಬೇಕು. ಹಿಮ್ಮಡಿ ಎದ್ದು ಎದ್ದು ಬೀಳಬಾರದು. ಹೊಸ ಗಟ್ಟಿ ಬೂಟಿನಲ್ಲಿ ಕೂದಲೆಳೆಯಷ್ಟು ಆಡಿದರೆ ಚಿಂತೆಯಿಲ್ಲ. ಆಮೇಲೆ ನಿಜವಾದ ಪರೀಕ್ಷೆ. ಅಂಗಡಿಯ ಮೆಟ್ಟಿಲು ಇಳಿಯಿರಿ. ಪಕ್ಕದಲ್ಲಿ ಪಾರ್ಕಿಂಗಿನ ಇಳಿಜಾರು ಇದ್ದರೆ ಇನ್ನೂ ಒಳ್ಳೆಯದು, ಮೂತಿ ಕೆಳಗೆ ಮಾಡಿ ನಿಂತು ಜೋರಾಗಿ ಹೆಜ್ಜೆ ಕುಟ್ಟಿ. ಬೆರಳು ತಾಗಿತೋ, ಬಿಟ್ಟುಬಿಡಿ. ಇಲ್ಲಿ ಒಮ್ಮೆ ತಾಗಿದ್ದು ಬೆಟ್ಟದಲ್ಲಿ ಸಾವಿರ ಸಲ ತಾಗುತ್ತದೆ. ಕಾಲು ಗಂಟೆಯಾದರೂ ಹಾಕಿಕೊಂಡೇ ಇರಿ, ಅಂಗಡಿಯವರ ಮುಖ ಸ್ವಲ್ಪ ಬದಲಾದರೂ ಪರವಾಗಿಲ್ಲ.

‘ಹಾಕ್ತಾ ಹಾಕ್ತಾ ಲೂಸಾಗುತ್ತೆ ಸಾರ್’ ಎಂಬ ಮಾತು ಎಲ್ಲ ಕಡೆ ಕೇಳಿಸುತ್ತದೆ. ಚರ್ಮದ ಶೂ ಅಗಲಕ್ಕೆ ತುಸು ಬಿಡುತ್ತದೆ, ಅದು ನಿಜ. ಉದ್ದಕ್ಕೆ ಯಾವ ಶೂವೂ ಬಿಡುವುದಿಲ್ಲ. ಅಗಲ ಸಾಲದೆಂದು ಒಂದು ನಂಬರ್ ದೊಡ್ಡದು ಒಯ್ಯುವುದೂ ಪರಿಹಾರವಲ್ಲ. ಹಿಮ್ಮಡಿ ಸಡಿಲವಾಗಿ ಅಲ್ಲಿ ಕಚ್ಚಲು ಶುರುವಾಗುತ್ತದೆ. ಅಗಲ ಹೆಚ್ಚಿರುವ ಬೇರೆ ಮಾದರಿ ಕೇಳಿ. ಉದ್ದ ಸರಿಯಿದ್ದು ಒಳಗೆ ತುಸು ಸಡಿಲ ಅನಿಸಿದರೆ ದಪ್ಪ ಇನ್‌ಸೋಲ್ ಹಾಕಿ ಸರಿಮಾಡಬಹುದು.

ಲೇಸು, ಚೀಲ, ಪಳಗಿಸುವುದು

ಹತ್ತುವಾಗ ಮೇಲಿನ ಕೊಕ್ಕೆಗಳ ಲೇಸು ಸ್ವಲ್ಪ ಸಡಿಲವಿರಲಿ, ಗಿಣ್ಣು ಮುಂದಕ್ಕೆ ಬಾಗಬೇಕು. ತುದಿ ಮುಟ್ಟಿದ ಮೇಲೆ ಐದು ನಿಮಿಷ ಕೂತು ಲೇಸು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿ. ಪಾದದ ಮಡಿಕೆಯ ಹತ್ತಿರ ಲೇಸಿನ ಎರಡು ಎಳೆಯನ್ನು ಒಂದಕ್ಕೊಂದು ಒಂದು ಸುತ್ತಿನ ಬದಲು ಎರಡು ಸುತ್ತು ಹಾಕಿ ಎಳೆದರೆ ಅಲ್ಲಿಯೇ ಕಚ್ಚಿ ನಿಲ್ಲುತ್ತದೆ, ಹಿಮ್ಮಡಿ ಹಿಂದೆಯೇ ಉಳಿಯುತ್ತದೆ. ಕಾಲ್ಬೆರಳು ಉಳಿಸುವುದಕ್ಕೆ ಇಷ್ಟು ಅಗ್ಗದ ಉಪಾಯ ಬೇರೊಂದಿಲ್ಲ. ಉಗುರನ್ನು ಹಿಂದಿನ ದಿನವೇ ಕತ್ತರಿಸಿಕೊಳ್ಳಿ.

ಹತ್ತಿಯ ಕಾಲ್ಚೀಲ ಬೇಡ. ನೀರು ಕುಡಿದು ಮುದ್ದೆಯಾಗಿ ಚರ್ಮವನ್ನು ಉಜ್ಜುತ್ತದೆ. ಉಣ್ಣೆ ಮಿಶ್ರಿತ ಅಥವಾ ಸಿಂಥೆಟಿಕ್ ಚೀಲ, ಬ್ಯಾಗಿನಲ್ಲಿ ಇನ್ನೊಂದು ಒಣ ಜೊತೆ.

ಹೊಸ ಶೂವನ್ನು ನೇರ ಕುದುರೆಮುಖಕ್ಕೆ ಒಯ್ಯಬೇಡಿ. ಮೊದಲು ಮನೆಯೊಳಗೆ, ಆಮೇಲೆ ಪೇಟೆಗೆ, ಆಮೇಲೆ ಕುಂದಾದ್ರಿಯಂಥ ಸಣ್ಣ ಏರಿಗೆ. ಎಲ್ಲಾದರೂ ಬಿಸಿಬಿಸಿ ಅನಿಸಿದ ಕೂಡಲೇ ನಿಂತು ಅಲ್ಲಿಗೆ ಬಟ್ಟೆಯ ಪಟ್ಟಿ ಅಂಟಿಸಿ. ಬೊಬ್ಬೆ ಎದ್ದ ಮೇಲೆ ಅಂಟಿಸಿ ಪ್ರಯೋಜನ ಕಡಿಮೆ.

ಹೊಸ ಶೂವಿನ ಸುತ್ತ ಹೊಲಿಗೆ ಹಾಕಿಸುವುದು ನಮ್ಮಲ್ಲಿ ರೂಢಿ. ಅಂಟು ಮಾತ್ರ ಹಾಕಿದ ಅಗ್ಗದ ಶೂಗೆ ಖಂಡಿತ ಹಾಕಿಸಿ. ವಾಟರ್‌ಪ್ರೂಫ್ ಶೂಗೆ ಹಾಕಿಸಿದರೆ ಸೂಜಿ ಹೋದಲ್ಲೆಲ್ಲ ನೀರಿಗೆ ದಾರಿ.

ಬಚ್ಚಲೊಲೆಯ ಹತ್ತಿರ ಬೇಡ

ಮಳೆಗಾಲದಲ್ಲಿ ಒದ್ದೆಯಾದದ್ದೆಲ್ಲ ಬಚ್ಚಲೊಲೆಯ ಪಕ್ಕಕ್ಕೆ ಹೋಗುವುದು ಮಲೆನಾಡಿನ ಮನೆಗಳ ಪದ್ಧತಿ. ಶೂ ಮಾತ್ರ ಹೋಗಬಾರದು. ಬಿಸಿಗೆ ಸೋಲಿನ ಅಂಟು ಬಿಡುತ್ತದೆ, ಚರ್ಮ ಸೆಟೆದು ಬಿರಿಯುತ್ತದೆ. ಕೆಸರು ತೊಳೆದು, ಇನ್‌ಸೋಲ್ ಹೊರಗೆ ತೆಗೆದು, ಒಳಗೆ ಹಳೆಯ ಪತ್ರಿಕೆ ತುರುಕಿ, ಗಾಳಿಯಾಡುವ ಜಗಲಿಯಲ್ಲಿಡಿ. ಕಾಗದ ಒದ್ದೆಯಾದಂತೆ ಬದಲಾಯಿಸಿ.

ಅಟ್ಟದ ಮೇಲೆ ವರ್ಷಗಟ್ಟಲೆ ಇಟ್ಟ ಬೂಟಿಗೆ ಬೇರೆಯದೇ ಕಂಟಕ. ಹಲವು ಬೂಟುಗಳ ನಡುಪದರ ಪಾಲಿಯುರೆಥೇನ್ ಎಂಬ ವಸ್ತುವಿನದು. ಗಾಳಿಯ ತೇವ ಅದನ್ನು ಒಳಗಿಂದೊಳಗೆ ಒಡೆಯುತ್ತದೆ. ಹಾಕದೆ ಇಟ್ಟರೂ ಹಾಳಾಗುತ್ತದೆ, ನಮ್ಮ ತೇವದ ಹವೆಯಲ್ಲಿ ಇನ್ನೂ ಬೇಗ. ಮೇಲೆ ಹೊಸದರಂತೆಯೇ ಕಾಣುವ ಬೂಟು ಬೆಟ್ಟದ ಮಧ್ಯದಲ್ಲಿ ಸೋಲು ಕಳಚಿ ಪುಡಿಪುಡಿಯಾಗುತ್ತದೆ. ಹೊರಡುವ ಒಂದು ವಾರ ಮೊದಲು ಸೋಲಿನ ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ ಆ ಜೋಡಿಯನ್ನು ಹೊರಗಿಡಿ. ಅಂಗಡಿಯಲ್ಲಿ ಭಾರೀ ರಿಯಾಯಿತಿಗೆ ಸಿಗುವ ಹಳೆಯ ಸ್ಟಾಕಿಗೂ ಇದೇ ಪರೀಕ್ಷೆ, ಪೆಟ್ಟಿಗೆಯ ಮೇಲೆ ತಯಾರಿಕೆಯ ತಿಂಗಳು ಮತ್ತು ವರ್ಷ ಇರುತ್ತದೆ.

ಅಷ್ಟಾದರೂ ದಾರಿಯಲ್ಲಿ ಸೋಲು ಕಿತ್ತರೆ, ಬ್ಯಾಗಿನಲ್ಲಿರುವ ಹೆಚ್ಚುವರಿ ಲೇಸನ್ನು ಮೂತಿಯ ಹತ್ತಿರ ಎರಡು ಸುತ್ತು ಸುತ್ತಿ, ಸೋಲಿನ ಹಲ್ಲುಗಳ ನಡುವಿನ ಕಾಲುವೆಯಲ್ಲಿ ಕೂರುವಂತೆ ಎಳೆದು, ಗಂಟನ್ನು ಪಾದದ ಮೇಲ್ಭಾಗಕ್ಕೆ ಹಾಕಿ. ಕಾಲುವೆಯಲ್ಲಿ ಕೂತ ದಾರ ಕಲ್ಲಿಗೆ ಉಜ್ಜಿ ಬೇಗ ಕಡಿಯುವುದಿಲ್ಲ, ಜೀಪು ಸಿಗುವ ರಸ್ತೆಯವರೆಗೆ ಬರುತ್ತದೆ.