ಫ್ಯಾಕ್ಟ್ರಿ ಬಾಗಿಲು ಹಾಕಿದ್ರೆ ಸರ್ಕಾರದಿಂದ ದುಡ್ಡು ಪಡೆಯೋದು ಹೇಗೆ

2025ರ ಆಗಸ್ಟ್‌ನಲ್ಲಿ ಅಮೆರಿಕದವರು ನಮ್ಮ ಮಾಲಿಗೆ 50% ಸುಂಕ ಹಾಕಿದ ಮೇಲೆ ಗಾರ್ಮೆಂಟ್ಸ್ ಕಡೆ ಹೋದ್ರೆ ಸಾಕು, ಆರ್ಡರ್ ಬಾಂಗ್ಲಾದೇಶಕ್ಕೆ ಹೋಯ್ತಂತೆ, ವಿಯೆಟ್ನಾಂಗೆ ಹೋಯ್ತಂತೆ ಅನ್ನೋದೇ ಮಾತು. ಕೆಲಸ ಹೀಗೆ ಹೊರದೇಶಕ್ಕೆ ಹೋಗಿ ನೌಕರಿ ಕಳ್ಕೊಂಡವರಿಗೆ ಅಂತಲೇ ಅಮೆರಿಕದಲ್ಲಿ 1962ರಿಂದ ಒಂದು ಸ್ಕೀಮ್ ಇತ್ತು, 2022ರ ಜುಲೈ 1ರಿಂದ ಅಲ್ಲೂ ಹೊಸಬರನ್ನ ತಗೊಳ್ತಿಲ್ಲ. ನಮ್ಮಲ್ಲಿ ಅದಕ್ಕೇ ಅಂತ ಬೇರೆ ಸ್ಕೀಮ್ ಇಲ್ಲ, ಕೈಗೆ ಸಿಗೋದು ಇಎಸ್‌ಐ, ಅಂದ್ರೆ ಸಂಬಳದಲ್ಲಿ ಕಟ್ ಆಗೋ ನೌಕರರ ವಿಮೆಯ ನಿರುದ್ಯೋಗ ಭತ್ಯೆ. ಅದನ್ನೂ ಎಷ್ಟೋ ಜನ ಕೊನೇ ದಿನ ಒಂದು ಸೈನ್ ಹಾಕಿ ಕಳ್ಕೊಳ್ತಾರೆ.

ಮೊದಲು ಇಎಸ್‌ಐ ನಂಬರು, ಪೇ ಸ್ಲಿಪ್, ಐಡಿ ಕಾರ್ಡು, ನೇಮಕಾತಿ ಪತ್ರ ಎಲ್ಲದರ ಫೋಟೋ ಇವತ್ತೇ ತೆಗೆದು ಮನೆಯವರೊಬ್ಬರಿಗೆ ವಾಟ್ಸಾಪ್ ಮಾಡಿಬಿಡಿ.

ಎರಡನೇದೇ ಕಷ್ಟದ್ದು, ಇದನ್ನ ನಿಧಾನಕ್ಕೆ ಓದಿ. ಎಚ್ಆರ್‌ನವರು ಒಬ್ಬೊಬ್ಬರನ್ನೇ ಒಳಗೆ ಕರೆದು ಟೈಪ್ ಮಾಡಿಟ್ಟ ಕಾಗದ ಮುಂದಿಡ್ತಾರೆ, 'ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ' ಅಂತ ಇರುತ್ತೆ, ಕೆಳಗೆ ನಿಮ್ಮ ಹೆಸರು, ಟೋಕನ್ ನಂಬರು ಆಗಲೇ ತುಂಬಿರ್ತಾರೆ. ಸೈನ್ ಹಾಕಮ್ಮಾ, ನಾಳೆನೇ ಸೆಟ್ಲ್‌ಮೆಂಟ್ ಅಂತಾರೆ. ಹಾಕಬೇಡಿ. ತಾನಾಗೇ ಬಿಟ್ಟವರಿಗೆ ಇಎಸ್‌ಐ ನಿರುದ್ಯೋಗ ಭತ್ಯೆ ಇಲ್ಲ, ಕೆಲಸ ಮಾಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಬರಬೇಕಾದ ಪರಿಹಾರವೂ ಹೋಯ್ತು. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ, ಕಂಪನಿ ತಾನೇ ಕೆಲಸದಿಂದ ತೆಗೆದವರ ಖಾತೆಗೆ ಹೊಸ ಕೆಲಸ ಕಲಿಯೋಕೆ ಅಂತ ಇನ್ನೂ 15 ದಿನದ ಸಂಬಳ 45 ದಿನದೊಳಗೆ ಬೀಳಬೇಕು ಅಂತಿದೆ, ಅದಕ್ಕೂ ರಾಜೀನಾಮೆ ಅಡ್ಡ. ಒಂದು ಸೈನಿಗೆ ಇಷ್ಟೂ ಹೋಗುತ್ತೆ.

ಅದರ ಬದಲು ನೀವೇ ಒಂದು ಹಾಳೆಯಲ್ಲಿ ಬರೀರಿ: 'ಆರ್ಡರ್ ಇಲ್ಲವೆಂದು ಕಂಪನಿಯವರು ಇಂಥ ತಾರೀಕಿನಿಂದ ಕೆಲಸ ನಿಲ್ಲಿಸಿದ್ದಾರೆ, ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲಸಕ್ಕೆ ಬರಲು ಸಿದ್ಧ.' ಕಾಪಿ ಮೇಲೆ ಸೀಲ್ ಕೇಳಿ, ಹಾಕಲ್ಲ ಅಂದ್ರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ. ದುಡ್ಡು ತಗೊಳ್ಳೋಕೆ ಸೈನ್ ಹಾಕಲೇಬೇಕು ಅಂತ ಬಂದ್ರೆ ಪಕ್ಕದಲ್ಲಿ ಕೈಯಲ್ಲೇ 'ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ' ಅಂತ ಬರೆದು ಹಾಕಿ. ಆಗಲೇ ಬಲವಂತದಿಂದ ಹಾಕಿಸಿಕೊಂಡಿದ್ರೆ ತಡ ಮಾಡದೆ ಯೂನಿಯನ್‌ನವರ ಜೊತೆ ಕಾರ್ಮಿಕ ಇಲಾಖೆಗೆ ದೂರು ಕೊಡಿ, ಬೆಂಗಳೂರಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಒಬ್ಬರೇ ಹೋಗಬೇಡಿ, ಲೈನಿನವರು ನಾಲ್ಕು ಜನ ಸೇರಿ ಹೋಗಿ.

ಮೂರನೇದು, ಇಎಸ್‌ಐಯಲ್ಲಿ ಯಾವ ಸ್ಕೀಮು ಅನ್ನೋದು. ಫ್ಯಾಕ್ಟ್ರಿ ಕಾನೂನು ಪ್ರಕಾರ ಮುಚ್ಚಿದ್ರೆ ಅಥವಾ ನಿಮ್ಮನ್ನ ಹೆಚ್ಚುವರಿ ಅಂತ ತೆಗೆದ್ರೆ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಕೇಳಿ, ಮೊದಲ 12 ತಿಂಗಳು ಸರಾಸರಿ ದಿನಗೂಲಿಯ ಅರ್ಧ, ಆಮೇಲಿನ 12 ತಿಂಗಳು ಕಾಲು ಭಾಗ. ಕೌಂಟರ್‌ನಲ್ಲಿ ಜನ ಕೇಳೋದು ಬರೀ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ, ಅದು ಜೀವಮಾನದಲ್ಲಿ ಒಟ್ಟು 90 ದಿನ ಮಾತ್ರ. ತಿಂಗಳಿಗೆ 14 ಸಾವಿರ ಇದ್ದವರಿಗೆ ಅರ್ಧದ ಲೆಕ್ಕದಲ್ಲಿ ಒಟ್ಟು 21 ಸಾವಿರದ ಆಸುಪಾಸು. ಎರಡು ವರ್ಷ ಇಎಸ್‌ಐ ಕಟ್ಟಿರಬೇಕು, ಕೆಲಸ ಹೋಗೋಕೆ ಮುಂಚಿನ ಆರು ತಿಂಗಳ ಅವಧಿಯಲ್ಲಿ 78 ದಿನದ ಹಾಜರಿ ಇರಬೇಕು, ಅರ್ಜಿ ಹಾಕೋದು ಕೆಲಸ ಹೋಗಿ 30 ದಿನ ಆದಮೇಲೆ. 2018ರ ಜುಲೈನಿಂದ ಈ ಅಟಲ್ ಯೋಜನೆಯನ್ನ ಆಗಾಗ ಮುಂದುವರಿಸ್ತಾ ಬಂದಿದ್ದಾರೆ, ಹಾಗಾಗಿ ಈಗ ಚಾಲ್ತಿಯಲ್ಲಿದೆಯಾ ಅಂತ ಇಎಸ್‌ಐ ಬ್ರಾಂಚ್ ಆಫೀಸಲ್ಲಿ ಕೇಳಿಯೇ ಹಾಕಿ. ಎರಡೂ ಒಟ್ಟಿಗೆ ಸಿಗಲ್ಲ, ರಾಜೀವ್ ಗಾಂಧಿ ಯೋಜನೆಗೆ ಅರ್ಹತೆ ಇದ್ರೆ ನನ್ನ ಪ್ರಕಾರ ಅದನ್ನ ಬಿಡಲೇಬೇಡಿ.

ಅಟಲ್ ಯೋಜನೆಯ ಅರ್ಜಿ ಆನ್‌ಲೈನಲ್ಲಿ ತುಂಬಿ, ಆಧಾರ್ ಮತ್ತು ಪಾಸ್‌ಬುಕ್ ಜೆರಾಕ್ಸ್ ಬ್ರಾಂಚ್‌ಗೆ ಕೊಡಿ. ಸಿಕ್ಕಿಹಾಕಿಕೊಳ್ಳೋದು ಹೆಸರಲ್ಲಿ: ಇಎಸ್‌ಐಯಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮಿ ಎಂ. ಅಂತಿರುತ್ತೆ. ಇನ್ನೊಂದು ಬ್ಯಾಂಕು, ಸಿಂಡಿಕೇಟ್ ಹೋಗಿ ಕೆನರಾ ಆಯ್ತು, ವಿಜಯಾ ಹೋಗಿ ಬರೋಡಾ ಆಯ್ತು, ಫೈಲಲ್ಲಿ ಹಳೇ ಐಎಫ್‌ಎಸ್‌ಸಿ ಕೋಡೇ ಕೂತಿದ್ರೆ ದುಡ್ಡು ಬರಲ್ಲ. ಸೈಬರ್ ಸೆಂಟರ್‌ನವರು ಫಾರಂ ತುಂಬೋಕೆ ನೂರಿನ್ನೂರು ತಗೊಂಡ್ರೆ ಕೊಡಿ, ಬಂದ ದುಡ್ಡಲ್ಲಿ ಪರ್ಸೆಂಟೇಜ್ ಕೇಳೋ ಏಜೆಂಟ್‌ಗೆ ಮಾತ್ರ ಓಟಿಪಿ ಹೇಳಬೇಡಿ.

ಗ್ರಾಚ್ಯುಟಿ ಸಾಮಾನ್ಯವಾಗಿ ಐದು ವರ್ಷ ಆದವರಿಗೆ, ಬೇರೆ ಅರ್ಜಿ. ಪಿಎಫ್‌ನಲ್ಲಿ ಪೆನ್ಷನ್ ಭಾಗದ ದುಡ್ಡನ್ನ ದಯವಿಟ್ಟು ಕೀಳಬೇಡಿ, ಹತ್ತು ವರ್ಷ ಆಗದವರು ಸ್ಕೀಮ್ ಸರ್ಟಿಫಿಕೇಟ್ (ಪೆನ್ಷನ್‌ಗೆ ಎಷ್ಟು ವರ್ಷ ಕಟ್ಟಿದ್ದೀರಿ ಅನ್ನೋ ದಾಖಲೆ) ತಗೊಂಡ್ರೆ ಮುಂದೆ ಇನ್ನೊಂದು ಫ್ಯಾಕ್ಟ್ರಿಗೆ ಸೇರಿದಾಗ ಹಳೇ ವರ್ಷಗಳೂ ಲೆಕ್ಕಕ್ಕೆ ಬರ್ತವೆ. ಇಎಸ್‌ಐ ಅರ್ಜಿ ತಿರಸ್ಕಾರ ಆದ್ರೆ ಬಾಯಿಮಾತಿಗೆ ವಾಪಸ್ ಬರಬೇಡಿ, ಕಾರಣ ಬರೆದುಕೊಡಿ ಅಂತ ಕೇಳಿ.